ಬೆಳ್ಳಕ್ಕಿ ಕಪ್ಪು

ಸಂಕ್ರಾಂತಿ ಕಳೆದ ನಾಲ್ಕನೇ ದಿನ. ಗುಡ್ಡೆಯ ಕರಡದ ಹುಲ್ಲಿನ ಮೇಲೆ ಬಿದ್ದ ಇಬ್ಬನಿ ಇನ್ನೂ ಆರದ ಹೊತ್ತು.

“ಏ ಜಟ್ಟ, ಬೋಳಿಮಗನೆ! ಅದು ನಿನ್ನ ಅಪ್ಪನ ತಿಥಿಗೆ ಅವಲಕ್ಕಿ ಕಲಸೂದಲ್ಲ. ಹಿಮ್ಮಡಿ ಊರಿ ತುಳಿಯೋ!”

ಬೈದವರು ನಮ್ಮ ಒಡೆಯರು, ಪರಮಯ್ಯ ಹೆಗಡೆಯವರು. ತುಳಿಯುತ್ತಿದ್ದವನು ನಾನು. ಕಾಲ ಕೆಳಗಿದ್ದದ್ದು ಸಮುದ್ರದ ಮರಳು ಮತ್ತು ಅದಕ್ಕೆ ಸುರಿದ ಎರಡು ಪೀಪಾಯಿ ತಾರ್ಲೆ ಮೀನಿನ ಎಣ್ಣೆ. ಮೊಣಕಾಲಿನವರೆಗೆ ಎಣ್ಣೆ, ತಲೆಯ ಸುತ್ತ ಕಾಗೆ. ನಾವು ಮುಟ್ಟಬಾರದ ಜನ. ಹೆಗಡೆಯವರು ನಮ್ಮಿಂದ ಯಾವಾಗಲೂ ಹತ್ತು ಮಾರು ದೂರ ನಿಲ್ಲುವವರು. ಆ ದಿನ ಇಪ್ಪತ್ತು ಮಾರು ದೂರ ನಿಂತಿದ್ದರು. ಹೆಚ್ಚಿನ ಹತ್ತು ಮಾರು ಮೀನಿನದು, ನನ್ನದಲ್ಲ. ನ್ಯಾಯ ನ್ಯಾಯವೇ.

ಬೆಳ್ಳಕ್ಕಿ ಕಪ್ಪಿನ ಚರಿತ್ರೆ ಶುರುವಾದದ್ದು ಹೀಗೆ, ನನ್ನ ಹಿಮ್ಮಡಿಯಿಂದ. ನಲವತ್ನಾಲ್ಕನೇ ಇಸವಿ. ಆ ಕಪ್ಪು ಈಗಲೂ ಹೆಗಡೆಯವರ ಮನೆಯ ಗಾಜಿನ ಕಪಾಟಿನಲ್ಲಿದೆಯಂತೆ. ಅದರ ಮೇಲೆ ಮೂರು ವರ್ಷದ ಮೂರು ಹೆಸರು ಕೆತ್ತಿದೆ, ನಾಲ್ಕನೆಯದರ ಜಾಗ ಖಾಲಿ ಇದೆಯಂತೆ. ನಾನು ಆ ಮನೆಯ ಒಳಗೆ ಹೋದವನಲ್ಲ. ಓದಿದ್ದು ಎರಡನೇ ಇಯತ್ತೆ, ಅದೂ ಶಾಲೆಯ ಜಗಲಿಯ ಹೊರಗೆ ಕೂತು. ಮಳೆ ಬಂದ ದಿನ ನನಗೊಬ್ಬನಿಗೆ ರಜೆ. ಆದರೆ ಆ ಖಾಲಿ ಜಾಗದ ಕತೆ ಗೊತ್ತಿರುವವರಲ್ಲಿ ಈಗ ಉಳಿದದ್ದು ನಾನೊಬ್ಬನೇ.

ಹೊನ್ನಾವರದಲ್ಲಿ ಆಗ ಬೆಳ್ಳಕ್ಕಿ ಸಾಬೂನು ಕಂಪನಿಯ ಡಿಪೋ ಇತ್ತು. ಕರಾವಳಿಯ ಮೀನೆಣ್ಣೆಯನ್ನು ಪೀಪಾಯಿಯಲ್ಲಿ ತುಂಬಿ ಮುಂಬಯಿಗೆ ಕಳಿಸುವುದು. ಅಲ್ಲಿ ಅದು ಗುಲಾಬಿ ವಾಸನೆಯ ಸಾಬೂನಾಗುವುದು. ಡಿಪೋದ ಸಾಹೇಬನ ಹೆಸರು ಮೆಕ್ ಎಂದು ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು. ನಮ್ಮ ಬಾಯಲ್ಲಿ ಅವನು ಮೆಕ್ಕೆ ಸಾಹೇಬ. ಅವನಿಗೊಂದು ಚಟ: ನಿಂಬೆಹಣ್ಣಿನಷ್ಟು ದೊಡ್ಡ ಚೆಂಡನ್ನು ಕೋಲಿನಿಂದ ಹೊಡೆದು ಹೊಡೆದು ದೂರದ ಕುಳಿಗೆ ಬೀಳಿಸುವುದು. ಗಾಲ್ಫ್ ಎಂದು ಅದರ ಹೆಸರು. ಕಂಪನಿಯ ಹೆಸರು ನಾಲ್ಕು ಕಡೆ ಹರಡಲಿ ಎಂದು ಮುಂಬಯಿಯ ದೊಡ್ಡ ಸಾಹೇಬರು ಒಂದು ಬೆಳ್ಳಿಯ ಕಪ್ಪು ಕೊಟ್ಟರು. ಪಗಾರಕ್ಕೆ ಚೆಂಡು ಹೊಡೆಯುವವರು ಮುಂಬಯಿ, ಬೆಳಗಾವಿ ಕಡೆಯಿಂದ ಬರುತ್ತಾರೆಂದು ಸುದ್ದಿಯಾಯಿತು. ಆಟಕ್ಕೆ ಪಗಾರ ಎಂಬುದನ್ನು ನಮ್ಮ ಕೇರಿಯಲ್ಲಿ ಯಾರೂ ನಂಬಲಿಲ್ಲ. ದುಡಿತಕ್ಕೇ ಕೊಡದವರು ಆಟಕ್ಕೆ ಕೊಡುತ್ತಾರೆಯೇ?

ನನ್ನ ಜೊತೆಯವನು ಚೌಡ. ಅವನಿಗೆ ಹೆಸರು ಕೇಳಿಯೇ ನಗೆ. “ಬೆಳ್ಳಕ್ಕಿ ಕಪ್ಪು ಅಂಬ್ರು. ಬೆಳ್ಳಕ್ಕಿನೇ ಕಪ್ಪಾದ್ರೆ ಕಾಗೆ ಎಂತ ಮಾಡೂದೋ, ಸಾಯೂದಾ?”

ಜಾಗ ಕೊಟ್ಟವರು ಹೆಗಡೆಯವರು. ನಮ್ಮೂರು ಮಂಕಿಯ ಮೇಲಿನ ಚಿರೆಕಲ್ಲು ಗುಡ್ಡೆ ಕಾಗದದಲ್ಲಿ ಅವರದು. ಅದರ ಓರೆಯಲ್ಲಿ ನಮ್ಮ ಒಂಬತ್ತು ಗುಡಿಸಲು. ಗುಡ್ಡೆಯ ನೆತ್ತಿಯಲ್ಲಿ ಒಂದು ಹೊಂಡ, ಜಟಗನ ಹೊಂಡ. ಕಡುಬೇಸಿಗೆಯಲ್ಲೂ ಬತ್ತುವುದಿಲ್ಲ. ಹೆಗಡೆಯವರ ಬಾವಿಯ ಹತ್ತಿರ ನಾವು ಸುಳಿಯುವಂತಿಲ್ಲ; ಇನ್ನೊಂದು ನೀರು ಎಂದರೆ ಒಂದೂವರೆ ಹರದಾರಿ ಕೆಳಗಿನ ಹಳ್ಳ. ಹಾಗಾಗಿ ಕುಡಿಯುವುದು, ಬೇಯಿಸುವುದು, ಹುಟ್ಟಿದ ಮಗುವಿಗೆ ಎರೆಯುವುದು, ಸತ್ತವರನ್ನು ತೊಳೆಯುವುದು, ಎಲ್ಲವೂ ಆ ಹೊಂಡದ ನೀರಿನಲ್ಲಿ. ಜಟಗ ನಮ್ಮ ಕೇರಿಯ ದೈವ; ನನ್ನ ಹೆಸರೂ ಅವನದೇ.

ಮೆಕ್ಕೆ ಸಾಹೇಬ ಹೊಂಡ ನೋಡಿ ಕುಣಿದ. ನೀರು ಅಡ್ಡ ಇದ್ದರೆ ಆಟಕ್ಕೆ ಭಾರೀ ಮಜವಂತೆ. ಕೊನೆಯ ಕುಳಿಯನ್ನು ಹೊಂಡದ ಆಚೆ ತೋಡಿಸಿದ. ಚೆಂಡು ನೀರು ಹಾರಿಯೇ ಹೋಗಬೇಕು. ಕುಳಿಯ ಸುತ್ತ ನಯವಾದ ಹುಲ್ಲು ಬೇಕಿತ್ತು. ಚಿರೆಕಲ್ಲಿನ ಮೇಲೆ ಅಂಥ ಹುಲ್ಲು ಎಲ್ಲಿ ಬರಬೇಕು? ಅದರ ಬದಲು ಮರಳು. ಮರಳು ಗಾಳಿಗೆ ಹಾರದಿರಲು ಎಣ್ಣೆ. ಎಣ್ಣೆ ಮರಳಿಗೆ ಹಿಡಿಯಲು ನನ್ನ ಹಿಮ್ಮಡಿ.

“ಆಟ ಮುಗಿಯೂ ತನಕ ಹೊಂಡದ ಹತ್ರ ಒಂದು ಹುಳ ಬರೂಕಾಗ,” ಎಂದರು ಹೆಗಡೆಯವರು. “ನಾಕೇ ದಿವ್ಸ. ನಾಕು ದಿವ್ಸ ನೀರು ಕುಡೀದೇ ಇದ್ರೆ ಸಾಯೂದಿಲ್ಲ ನೀವು.”

ಆಟದ ಮೊದಲ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸಾಹೇಬ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೆಗಡೆಯವರು ಕನ್ನಡ ಮಾಡಿದರು.

“ಕೇಳ್ಕಳಿ. ಚೆಂಡು ಕುಳಿಗೆ ಬೀಳೂ ತನಕ ಯಾರೂ ಮುಟ್ಟೂಕಾಗ. ಕೋಲಲ್ಲಿ ಎಷ್ಟು ಬೇಕಾರೂ ಹೊಡೀಲಕ್ಕು, ಕೈಯಲ್ಲಿ ಮುಟ್ಟೂಕಾಗ. ಮುಟ್ಟಿದ್ರೋ, ಕೆಟ್ಟೋತು.”

ಚೌಡ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: “ಹಂಗಾರೆ ಇದು ನಮ್ ಜಾತಿದೇ ಮಾರಾಯ.”

ನನಗೆ ನಗೆ ತಡೆಯಲಿಲ್ಲ.

“ಎಂತಕೋ ಹಲ್ಲು ಕಿಸೀತೆ?”

“ಎಂತ ಇಲ್ಲ ಒಡ್ಯಾ. ಆಟ ಅರ್ಥ ಆತು.”

ಅಷ್ಟು ಬೇಗ ನಾನು ಜನ್ಮದಲ್ಲಿ ಬೇರೆ ಯಾವ ಪಾಠವನ್ನೂ ಕಲಿತವನಲ್ಲ.

ಕೋಲುಗಳ ಚೀಲ ನನ್ನ ಹೆಗಲಿಗೆ ಬಂತು. ಸಾಹೇಬ ಬೇಕಾದ ಕೋಲನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ. ಚೆಂಡು ಕುಳಿಗೆ ಬಿದ್ದಾಗ ಅದೇ ಕೈಯಿಂದ ಹೆಗಡೆಯವರ ಕೈ ಕುಲುಕುತ್ತಿದ್ದ. ನನ್ನ ಮೈಲಿಗೆ ಸಾಹೇಬನ ಬಿಳಿ ಕೈ ದಾಟಿ ಹೆಗಡೆಯವರ ಕೈ ಸೇರುವುದನ್ನು ನಾನು ಕಣ್ಣಾರೆ ನೋಡಿದೆ. ಸಾಹೇಬನಿಗೆ ಕೈ ಕೊಡದೆ ಇರುವಂತಿಲ್ಲ, ಕೊಟ್ಟರೆ ಮೀಯದೆ ಇರುವಂತಿಲ್ಲ. ಆ ನಾಲ್ಕು ದಿನ ಹೆಗಡೆಯವರು ದಿನಕ್ಕೆ ಒಂಬತ್ತು ಸಲ ಮಿಂದರು. “ಎಂಥಾ ಕರ್ಮ, ಎಷ್ಟು ಮಿಂದ್ರೂ ಮುಗಿತಿಲ್ಲೆ,” ಎಂದು ತಮ್ಮ ಮನೆಮಾತಿನಲ್ಲಿ ಗೊಣಗುತ್ತಿದ್ದರು. ಅವರ ಬಾವಿಯಲ್ಲಿ ನೀರಿಗೆ ಬರವಿರಲಿಲ್ಲ.

ಹಲ್ಲು ಕಿಸಿದದ್ದು ಎಂದೆನಲ್ಲ, ಆಗ ಕಿಸಿಯಲು ನನಗೆ ಮುಂದಿನ ಎರಡು ಹಲ್ಲು ಇದ್ದವು. ಮೂರನೇ ದಿನ ಹೋದವು. ಅಂದು ನನ್ನ ಕೆಲಸ ದೂರದಲ್ಲಿ ನಿಂತು ಚೆಂಡು ಎಲ್ಲಿ ಬೀಳುತ್ತದೆಂದು ನೋಡುವುದು. ಬೆಳಗಾವಿಯಿಂದ ಬಂದ ಕೆಂಪು ಮೋರೆಯ ಆಟಗಾರ ಕೋಲು ಬೀಸಿ ನನ್ನ ಕಡೆ ನೋಡಿ ಕೂಗಿದ:

“ಫೋ...ರ್!”

ನನಗೆ ಕೇಳಿದ್ದು “ಪೋರಾ!” ನನಗೆ ಆಗ ಮೂವತ್ತು ವರ್ಷ, ಮೂರು ಮಕ್ಕಳ ಅಪ್ಪ. ಹೆಗಡೆಯವರ ಮನೆಯಲ್ಲಿ ತೊಟ್ಟಿಲಿನಿಂದ ಎದ್ದವರೂ ನನ್ನನ್ನು ಪೋರ ಎಂದೇ ಕರೆಯುತ್ತಿದ್ದರು. ಆಟಗಾರನಿಗೂ ಕನ್ನಡ ಬಂತಲ್ಲ, ಬೆಳಗಾವಿಯವನು ತಾನೇ ಎಂದು ಸಂತೋಷವಾಯಿತು. “ಬಂದೆ ಒಡ್ಯಾ!” ಎಂದು ಬಾಯಿ ಅಗಲಿಸಿ ಅವನ ಕಡೆಗೇ ಓಡಿದೆ. ಅಗಲಿಸಿದ ಬಾಯಿಗೆ ಚೆಂಡು ಬಂತು.

ಕಣ್ಣು ಬಿಟ್ಟಾಗ ಸಾಹೇಬರೂ ಹೆಗಡೆಯವರೂ ನನ್ನ ಸುತ್ತ ನೆಲ ನೋಡುತ್ತಾ ತಿರುಗುತ್ತಿದ್ದರು.

“ಎಲ್ಲಿ ಹೋತೋ?”

“ಎರಡು ಹೋತು ಒಡ್ಯಾ,” ಎಂದೆ ರಕ್ತ ಉಗುಳಿ.

“ಚೆಂಡೋ, ಹಲ್ಕಟ್ಟೆ! ಚೆಂಡು ಎಲ್ಲಿ ಹೋತು?”

ಚೆಂಡು ನನ್ನ ಹಲ್ಲಿಗೆ ತಾಗಿ ಎಗರಿ, ಎಣ್ಣೆಮರಳಿನ ಮೇಲೆ ಉರುಳಿ, ಕುಳಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಬೆಳಗಾವಿಯವನು ಆ ವರ್ಷದ ಕಪ್ಪು ಗೆದ್ದ. ಮೊದಲ ಹೆಸರು ಅವನದೇ. ಹಲ್ಲಿನ ಹೆಸರನ್ನು ಯಾರೂ ಕೆತ್ತಿಸಲಿಲ್ಲ. ಮೆಕ್ಕೆ ಸಾಹೇಬ ಕೆಟ್ಟವನಲ್ಲ. ಹಲ್ಲಿಗೆ ಒಂದರಂತೆ ಎರಡು ಬೆಳ್ಳಕ್ಕಿ ಸಾಬೂನು ಕೊಟ್ಟ.

ಅವನ್ನು ಹಿಡಿದುಕೊಂಡು ಗೆದ್ದವನ ಹಾಗೆ ಮನೆಗೆ ಬಂದೆ. ಪಕ್ಕದ ಗುಡಿಸಲು ನನ್ನ ಅಕ್ಕ ದುರ್ಗಮ್ಮನದು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಹಳ್ಳದಿಂದ ನೀರು ಹೊತ್ತು ಬಂದು ಆಗಷ್ಟೇ ಕೊಡ ಇಳಿಸಿದ್ದಳು.

“ಎಂತದೋ ಇದು ಬಾಯಿ?”

“ಆಟದಲ್ಲಿ ಆದ್ದು ಅಕ್ಕ.”

“ಆಡ್ದವ್ರು ಯಾರು?”

“ಅವ್ರು.”

“ಬಿದ್ದ ಹಲ್ಲು?”

“ನಂದು.”

ಅಕ್ಕ ಸಾಬೂನು ಮೂಸಿ ನೋಡಿದಳು. “ಘಮ್ ಅಂತದೆ. ತೊಳೂಕೆ ನೀರು ಎಲ್ಲದ್ಯೋ, ನನ್ನ ಬುದ್ಧಿವಂತ? ಹಳ್ಳದಿಂದ ಹೊತ್ತದ್ದು ಗಂಜಿಗೇ ಸಾಲೂದಿಲ್ಲ. ಸಾಬೂನು ಹಚ್ಕಂಡು ಬಿಸಿಲಲ್ಲಿ ಒಣಗೂದಾ?”

ಬಾಯಿಯ ರಕ್ತ ತೊಳೆಯಲು ಅರ್ಧ ಚಿಪ್ಪು ನೀರು ಕೊಟ್ಟಳು. ಅದನ್ನು ಉಗುಳಲು ಮನಸ್ಸಾಗದೆ ನುಂಗಿದೆ. ಹೀಗೆ ಮೊದಲ ವರ್ಷದ ಆಟ ಮುಗಿಯಿತು.

ಮರುವರ್ಷ ಆಟ ನಾಲ್ಕು ದಿನವಾದರೂ ಅಭ್ಯಾಸ ಬೇಕೆಂದು ಹೊಂಡವನ್ನು ಹದಿನೈದು ದಿನ ಮುಚ್ಚಿದರು. ಮಳೆಗಾಲದಲ್ಲಿ ಮರಳಿನ ಎಣ್ಣೆ ತೊಳೆದು ಹೊಂಡಕ್ಕೆ ಇಳಿದು, ನೀರಿನ ಮೇಲೆ ನವಿಲು ಬಣ್ಣದ ಕೆನೆ ಕಟ್ಟಿತ್ತು. ಮೀನು ತಿನ್ನದ ದಿನವೂ ನಮ್ಮ ಗಂಜಿಗೆ ಮೀನಿನ ವಾಸನೆ. “ಕಂಪನಿಯವ್ರ ಉಪಕಾರ,” ಎಂದ ಚೌಡ. “ಸಾರು ಮಾಡೂ ಕೆಲ್ಸ ಉಳೀತು.” ಆ ವರ್ಷ ಇನ್ನೊಂದು ನಡೆಯಿತು. ಎಣ್ಣೆಮರಳಿನ ಮೇಲೆ ಉರುಳಿದ ಚೆಂಡನ್ನು ಒಂದು ನರಿ ಬಂದು ಕಚ್ಚಿಕೊಂಡು ಹೋಯಿತು. ಮೀನೆಂದು ತಿಳಿದಿರಬೇಕು ಪಾಪ. ಸಾಹೇಬ ನಿಯಮದ ಪುಸ್ತಕ ತೆಗೆದು ಅರ್ಧ ಗಂಟೆ ಹುಡುಕಿದ. ನರಿ ಮುಟ್ಟಿದರೆ ಚೆಂಡು ಕೆಡುವುದಿಲ್ಲವೆಂದು ತೀರ್ಮಾನವಾಯಿತು. ಹೊಸ ಚೆಂಡು ಇಟ್ಟರು. ನಾನು ಮತ್ತು ಚೌಡ ಮುಖ ಮುಖ ನೋಡಿಕೊಂಡೆವು.

ಮೂರನೇ ವರ್ಷ ಒಂದು ತಿಂಗಳು ಮುಚ್ಚಿದರು. ಚೌಡನ ಹೆಂಡತಿ ತಿಮ್ಮಿಗೆ ಏಳು ತಿಂಗಳಾಗಿತ್ತು. ಹಳ್ಳದಿಂದ ಕೊಡ ಹೊತ್ತು ಏರು ಹತ್ತುವಾಗ ಕಾಲು ಜಾರಿ ಬಿದ್ದಳು. ಮಗು ಉಳಿಯಲಿಲ್ಲ. ಅದನ್ನು ತೊಳೆಯುವುದಕ್ಕೂ ಹೊಂಡಕ್ಕೆ ಬಿಡಲಿಲ್ಲ. ಅಂದು ಯಾರೋ ಅಭ್ಯಾಸ ಮಾಡುತ್ತಿದ್ದರು. ಅಲ್ಲಿಂದ ಚೌಡ ತಮಾಷೆ ನಿಲ್ಲಿಸಿದ. ಕೇರಿಯಲ್ಲಿ ನಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದನ್ನೂ ಚೆನ್ನಾಗಿ ಮಾಡಲಿಲ್ಲ.

ಅದೇ ವರ್ಷ ಸಾಹೇಬನ ಮೋಟಾರಿನ ಡ್ರೈವರ್, ಭಟಕಳದ ಇಸ್ಮಾಯಿಲ, ನನ್ನನ್ನು ಕರೆದು ಕೇಳಿದ: “ಅರೆ ಜಟ್ಟ, ಅವರು ಕೂಗಿದಾಗ ನೀನು ಚೆಂಡಿಗೆ ಎದುರು ಓಡ್ತೀಯಲ್ಲ, ಹುಚ್ಚು ಗಿಚ್ಚು ಉಂಟಾ?”

“ಪೋರ ಅಂತ ಕರೀತ್ರಲ ಮಾರಾಯ. ಹೋಗ್ದೆ ಇರೂಕಾಗ್ತದಾ?”

ಇಸ್ಮಾಯಿಲ ಮೋಟಾರಿನ ಚಕ್ರ ಹಿಡಿದುಕೊಂಡು ನಕ್ಕ. “ಪೋರ ಅಲ್ಲವೋ, ಫೋರ್! ಚೆಂಡು ಬರ್ತದೆ, ದೂರ ಸರೀರಿ ಅಂತ ಅದರ ಅರ್ಥ.”

ಹಲ್ಲು ಹೋದ ಮೇಲೂ ನಾನು ಓಡುವುದನ್ನು ಬಿಟ್ಟಿರಲಿಲ್ಲ. ಬಾಯಿ ಮಾತ್ರ ಮುಚ್ಚಿಕೊಂಡು ಓಡುತ್ತಿದ್ದೆ. ಮೂರು ವರ್ಷ, ದೂರ ಸರಿ ಎಂದವರ ಹತ್ತಿರ ಓಡಿದ್ದೆ. ದೂರ ಸರಿ ಎಂಬುದು ನಾನು ತಾಯಿಯ ಹೆಸರಿಗಿಂತ ಮೊದಲು ಕಲಿತ ಮಾತು. ಇಂಗ್ಲಿಷಿನಲ್ಲಿ ಹೇಳಿದರೆ ಅದೂ ತಿಳಿಯಲಿಲ್ಲ. ರಾತ್ರಿ ಗಂಜಿ ಉಣ್ಣುವಾಗ ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. “ಫೋರ್,” ಎಂದು ತಾನೇ ಒಮ್ಮೆ ಹೇಳಿ ನೋಡಿದಳು, ಹೊಸ ಸೊಪ್ಪಿನ ರುಚಿ ನೋಡಿದ ಹಾಗೆ.

ನಲವತ್ತೇಳನೇ ಇಸವಿಯ ಆಟಕ್ಕೆ ಮೊದಲು ಹೆಗಡೆಯವರು ಕೇರಿಯ ಕೆಳಗೆ ನಿಂತು ಎಲ್ಲರನ್ನೂ ಕರೆದರು.

“ಸಾಹೇಬ್ರು ಊರಿಗೆ ಹೋಗ್ತ್ರು. ಮುಂದೆ ಈ ಆಟ ನಮ್ಮದೇ. ನಮ್ಮದೇ ರಾಜ್ಯ ಬತ್ತದೆ, ನಮ್ಮ ದೊಡ್ಡ ದೊಡ್ಡವ್ರೇ ಆಡೂಕೆ ಬತ್ರು. ಈ ಸಲ ಆಟ ಮುಗಿದದ್ದೇ ಹೊಂಡಕ್ಕೆ ಬೇಲಿ. ವರ್ಷಪೂರ್ತಿ.”

“ನಾವೆಂತ ಕುಡಿಯೂದು ಒಡ್ಯಾ?” ಎಂದಳು ದುರ್ಗಮ್ಮ.

“ಸಾಬೂನು ಕೊಟ್ಟಿದ್ರಲ, ಅದ್ನ ನೆಕ್ಕು.”

ನಾನು ತಲೆ ಆಡಿಸಿದೆ. ಯಾಕೆ ಆಡಿಸಿದೆ ಎಂದು ಕೇಳಿದರೆ, ಒಡೆಯರು ಮಾತು ಮುಗಿಸಿದಾಗ ನನ್ನ ತಲೆ ತಾನಾಗಿ ಆಡುತ್ತಿತ್ತು.

ಸಂಕ್ರಾಂತಿ ಕಳೆದ ಮೊದಲ ಆಯ್ತವಾರ, ಕೊನೆಯ ದಿನದ ಕೊನೆಯ ಕುಳಿ. ಮುಂಬಯಿಯ ಆಟಗಾರನೊಬ್ಬ ಮುಂದಿದ್ದ. ಹೊಂಡ ಹಾರಿಸಿ ಒಂದು ಹೊಡೆತ, ಆಮೇಲೆ ಮೆಲ್ಲಗೆ ಎರಡು, ಅಷ್ಟಾದರೆ ಕಪ್ಪು ಅವನದು. ಅವನ ಕೋಲುಗಳ ಚೀಲ ನನ್ನ ಹೆಗಲಲ್ಲಿ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕಪ್ಪು ಹೊಳೆಯುತ್ತಿತ್ತು.

ಅವನು ಕಾಲು ಅಗಲಿಸಿ ನಿಂತು ಕೋಲು ಎತ್ತಿದ. ಎತ್ತಿದ್ದು ಹಾಗೇ ನಿಂತಿತು.

ಹೊಂಡದ ಆಚೆಯ ಕರಡದಿಂದ ದುರ್ಗಮ್ಮ ಎದ್ದಳು. ಹಿಂದೆ ತಿಮ್ಮಿ. ಅವಳ ಹಿಂದೆ ಒಂಬತ್ತು ಗುಡಿಸಲಿನ ಹೆಂಗಸರು, ನನ್ನ ಹೆಂಡತಿಯೂ ಸೇರಿ; ನನಗೆ ಒಂದು ಮಾತು ಹೇಳಿರಲಿಲ್ಲ. ನನ್ನ ಬಾಯಿಯ ಸಂದಿನಿಂದ ಗುಟ್ಟು ಸೋರುತ್ತದೆ ಎಂದು ತಿಳಿದಿರಬೇಕು. ಎಲ್ಲರ ಸೊಂಟದಲ್ಲೂ ಕೊಡ. ನೀರಿಗಿಳಿದು ಮೊಣಕಾಲು ಮುಳುಗುವಷ್ಟು ಬಂದು ನಿಂತರು.

“ಫೋರ್!” ಆಟಗಾರ ಕೂಗಿದ.

“ಫೋರ್!” ಮೆಕ್ಕೆ ಸಾಹೇಬ ಕೂಗಿದ.

ಹೆಗಡೆಯವರೂ ಕೈ ಬೀಸಿ “ಫೋರ್, ಫೋರ್” ಎಂದರು, ಅಂಗಳದ ಹಪ್ಪಳಕ್ಕೆ ಬಂದ ಕಾಗೆ ಓಡಿಸಿದ ಹಾಗೆ. ಯಾರೂ ಅಲುಗಲಿಲ್ಲ.

“ಜಟ್ಟ! ನಿನ್ನ ಅಕ್ಕಂಗೆ ಹೇಳೋ, ಫೋರ್ ಅಂದ್ರೆ ಎಂತ ಅಂತ.”

ನಾನು ದಡಕ್ಕೆ ಹೋದೆ. “ಅಕ್ಕಾ, ದೂರ ಸರೀಬೇಕಂತೆ.”

“ಗೊತ್ತದ್ಯೋ ತಮ್ಮ. ನೀನೇ ಹೇಳಿದ್ಯಲ. ಹುಟ್ಟಿದಾಗಿಂದ ಸರದದ್ದೇ. ಇನ್ನು ಸರದ್ರೆ ಸಮುದ್ರವೇಯ. ನಾವು ಬತ್ತಿಲ್ಲ, ಹೊಡೀಲಿ ಅನ್ನು.”

ಮುಂಬಯಿಯವನು ಏನೋ ಹೇಳಿ ಕೋಲು ಕೆಳಗೆ ಬಿಟ್ಟ. ಹೆಂಗಸರ ಮೇಲೆ ಹೊಡೆಯಲು ತನಗೆ ಪಗಾರ ಕೊಟ್ಟಿಲ್ಲ ಎಂದನಂತೆ. ಇಸ್ಮಾಯಿಲ ಆಮೇಲೆ ಹೇಳಿದ. ಹೆಗಡೆಯವರು ಓಡಿ ಬಂದು ಆ ಕೋಲು ಎತ್ತಿಕೊಂಡರು. ದಿನವಿಡೀ ನನ್ನ ಕೈಯಲ್ಲಿದ್ದ ಕೋಲು ಎಂಬುದು ಆ ಸಿಟ್ಟಿನಲ್ಲಿ ಅವರಿಗೆ ನೆನಪಾಗಲಿಲ್ಲ.

“ಸರೀತ್ರಾ ಇಲ್ವಾ, ಸೂಳೆಯರಾ!” ಎಂದು ಬೀಸಿದರು.

ಚೆಂಡು ಒಂದು ಚಿರೆಕಲ್ಲಿಗೆ ಬಡಿದು ಎಗರಿ ದುರ್ಗಮ್ಮನ ಹಣೆಗೆ ತಾಗಿ ನೀರಿಗೆ ಬಿತ್ತು. ಅವಳು ಒಮ್ಮೆ ತೂಗಿದಳು. ತಿಮ್ಮಿ ತೋಳು ಹಿಡಿದಳು. ರಕ್ತ ಹುಬ್ಬಿನಿಂದ ಇಳಿಯುತ್ತಿದ್ದಂತೆಯೇ ಅಕ್ಕ ಬಗ್ಗಿ, ಕೆಸರಿನಲ್ಲಿ ಕೈಯಾಡಿಸಿ, ಚೆಂಡು ಹೆಕ್ಕಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಮುಟ್ದೆ,” ಎಂದಳು. “ಕುಳಿಗೆ ಬೀಳೂ ಮೊದ್ಲೇ ಮುಟ್ದೆ. ಕೆಟ್ಟೋತಾ ಒಡ್ಯಾ?”

ಚೆಂಡನ್ನು ಕೊಡದೊಳಗೆ ಹಾಕಿದಳು. ಟೊಕ್ ಎಂದಿತು. ಎಣ್ಣೆಯ ಕೆನೆಯನ್ನು ಅಂಗೈಯಿಂದ ಸರಿಸಿ ಕೊಡ ಬಗ್ಗಿಸಿದಳು.

ಸಾಹೇಬ ನನಗೆ ಬೆರಳು ತೋರಿಸಿದ: ಹೋಗಿ ಚೆಂಡು ತಾ. ನಾನು ನೀರಿಗಿಳಿದೆ. ಆಮೇಲೆ ಜನ ಇದನ್ನು ದೊಡ್ಡ ಬಂಡಾಯ ಎಂದು ಹೇಳಿಕೊಂಡು ತಿರುಗಿದರು. ನಿಜ ಹೇಳಬೇಕೆಂದರೆ, ಚೀಲ ಇಳಿಸಿಟ್ಟು ಹೋಗಬೇಕೆಂದು ನನಗೆ ಹೊಳೆಯಲಿಲ್ಲ. ಸೊಂಟದವರೆಗೆ ನೀರು ಬಂದಾಗ ಚೀಲವೂ ನೀರು ಕುಡಿಯತೊಡಗಿತು.

“ಜಟ್ಟಾ! ಪೋರಾ! ಚೀಲ, ಚೀಲವೋ! ಹೊರಗೆ ಬಾರೋ ಬೋಳಿಮಗನೆ! ಪೋರಾ!”

ಇದು ಕನ್ನಡದ ಪೋರ. ಮೂವತ್ತಮೂರು ವರ್ಷ ಬಂದೆ ಒಡ್ಯಾ ಎಂದು ಓಡಿದ ಪೋರ. ಕಾಲು ಅಭ್ಯಾಸಬಲದಿಂದ ತಿರುಗಿತು ಕೂಡ. ಎದುರಿಗೆ ಅಕ್ಕ ಹುಬ್ಬಿನ ರಕ್ತ ಒರೆಸದೆ ನನ್ನನ್ನೇ ನೋಡುತ್ತಿದ್ದಳು.

ನಾನು ಅದನ್ನು ಇಂಗ್ಲಿಷ್ ಎಂದು ತಿಳಿದುಕೊಂಡೆ.

ಹೆಗಡೆಯವರು ಪೋರಾ ಎಂದರು. ದೂರಕ್ಕೆ ಒಂದು ಹೆಜ್ಜೆ ಇಟ್ಟೆ. ಮತ್ತೆ ಪೋರಾ ಎಂದರು, ಇನ್ನೊಂದು ಹೆಜ್ಜೆ. ಅವರು ಕೂಗಿದಷ್ಟೂ ನಾನು ಆಳಕ್ಕೆ ಸರಿದೆ. ನೀರು ಎದೆಗೆ ಬಂತು. ಕಬ್ಬಿಣದ ತಲೆಯ ಕೋಲುಗಳು ಒಂದೊಂದಾಗಿ ಚೀಲದಿಂದ ಜಾರಿ ಹೊಂಡಕ್ಕೆ ಇಳಿದವು. ದಡದಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಚೌಡ. ಒಂದು ವರ್ಷದ ಮೇಲೆ ನಕ್ಕಿದ್ದ. ನಗುತ್ತಾ ಅವನೂ ನೀರಿಗಿಳಿಯುತ್ತಿದ್ದ.

ಕಪ್ಪನ್ನು ಯಾರಿಗೂ ಕೊಡಲಿಲ್ಲ. ನಾಲ್ಕನೇ ಹೆಸರು ಕೆತ್ತಲಿಲ್ಲ.

ಹೊತ್ತು ಮುಳುಗುವ ಮೊದಲೇ ಹೆಗಡೆಯವರ ಆಳುಗಳು ದುರ್ಗಮ್ಮನ ಗುಡಿಸಲಿನ ಮಾಡು ಕಿತ್ತು ಹಾಕಿದರು. ಹೊಂಡಕ್ಕೆ ಬೇಲಿಯೂ ಬಂತು. ಕಟ್ಟಿದವರು ಯಾರೆಂದು ಕೇಳಬೇಡಿ. ಮುಳ್ಳು ಕಟ್ಟುವ ಕೆಲಸ ನನ್ನಷ್ಟು ಚೆನ್ನಾಗಿ ಬರುವವರು ಆಗ ಮಂಕಿಯಲ್ಲಿರಲಿಲ್ಲ. ನನಗೆ ಮೂರು ಮಕ್ಕಳಿದ್ದವು. ಆ ಬೇಲಿಯ ತೆಂಕು ಮೂಲೆಯಲ್ಲಿ, ಕರಡ ಎತ್ತರ ಇರುವಲ್ಲಿ, ಒಂದು ಸಂದು ಉಳಿಯಿತು. ಸೊಂಟದಲ್ಲಿ ಕೊಡ ಇಟ್ಟ ಹೆಂಗಸು ಓರೆಯಾಗಿ ದಾಟುವಷ್ಟು. ಹೆಗಡೆಯವರು ಸಾಯುವವರೆಗೆ ಅದು ಅವರ ಕಣ್ಣಿಗೆ ಬೀಳಲಿಲ್ಲ. ಅವರು ಬೇಲಿಯಿಂದಲೂ ಹತ್ತು ಮಾರು ದೂರ ನಿಲ್ಲುತ್ತಿದ್ದರು, ಕಟ್ಟಿದವನು ನಾನಲ್ಲವೇ.

ಮೆಕ್ಕೆ ಸಾಹೇಬ ಹೋದದ್ದು ಗುರುವಾರ. ಹೊನ್ನಾವರದಲ್ಲಿ ಹಾರ ಹಾಕಿ, ಫೋಟೋ ತೆಗೆಸಿ ಕಳಿಸಿದರಂತೆ. ದುರ್ಗಮ್ಮ ಹೋದದ್ದು ಅದಕ್ಕೆ ಮೂರು ದಿನ ಮೊದಲು, ಸೋಮವಾರ, ಇಬ್ಬನಿ ಆರುವ ಮುಂಚೆ. ಭಟಕಳದ ಆಚೆ ಜಾಲಿಯಲ್ಲಿ ಉಪ್ಪುಮೀನು ಒಣಗಿಸುವ ಕೆಲಸ ಸಿಗುತ್ತದೆಂದು ಹೊರಟಳು. ನಾನು ಗುಡ್ಡೆಯ ಓರೆಯವರೆಗೆ ಹೋದೆ. ಆಚೆಗೆ ಹೋಗಲಿಲ್ಲ, ಬೇಲಿಗೆ ಮುಳ್ಳು ಕಡಿಯಬೇಕಿತ್ತು. ಸೊಂಟದಲ್ಲಿ ಹೊಂಡದ ನೀರು ತುಂಬಿದ ಕೊಡ. ಅವಳು ಇಳಿಯುವಾಗ ಹೆಜ್ಜೆಗೊಮ್ಮೆ ಒಳಗಿನ ಚೆಂಡು ಕೊಡದ ಮಣ್ಣಿಗೆ ಬಡಿಯುವುದು ಕೇಳುತ್ತಿತ್ತು, ಟೊಕ್, ಟೊಕ್ ಎಂದು. ತಿರುವಿನ ಆಚೆಗೂ ಸ್ವಲ್ಪ ಹೊತ್ತು ಕೇಳಿತು.